ಬೆಟ್ಟ, ಹಳ್ಳ, ಜಲಪಾತಗಳಲ್ಲಿ ಹೊಣೆಯರಿತ ವಿಹಾರ: ಊರಿನ ಸ್ವಯಂಸೇವಕರ ಪಾತ್ರ ಮತ್ತು ಗ್ರಾಮ ಪಂಚಾಯಿತಿಯ ಕರ್ತವ್ಯ

(ಗ್ರಾಮ ಪಂಚಾಯಿತಿ ಸದಸ್ಯರ ಅವಗಾಹನೆಗಾಗಿ ವಿವರಣಾತ್ಮಕ ಲೇಖನ)



ಚಿಕ್ಕಮಗಳೂರು ಜಿಲ್ಲೆಗೆ ವರ್ಷದ ಎಲ್ಲ ಋತುಗಳಲ್ಲಿಯೂ ಪ್ರವಾಸಿಗರು ಬರುತ್ತಾರೆ. ರಾಜ್ಯದ ಅತ್ಯುನ್ನತ ಶಿಖರವಾದ, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ, ಹೆಬ್ಬೆ ಜಲಪಾತ, ಕುದುರೆಮುಖದ ಚಾರಣಪಥಗಳು, ಮೂಡಿಗೆರೆ ಭಾಗದ ಎತ್ತಿನಭುಜ, ಬಲ್ಲಾಳರಾಯನದುರ್ಗ, ದೇವರಮನೆ, ಚಾರ್ಮಾಡಿ ಘಾಟಿ, ಇವೆಲ್ಲವೂ ರಜಾದಿನಗಳಲ್ಲಿ ಜನಜಂಗುಳಿಯಿಂದ ತುಂಬುತ್ತವೆ. ಇದರಿಂದ ಹೋಂಸ್ಟೇ, ಹೋಟೆಲ್, ಜೀಪು ಬಾಡಿಗೆ, ಅಂಗಡಿಗಳನ್ನು ನಂಬಿದ ಅನೇಕ ಕುಟುಂಬಗಳಿಗೆ ಆದಾಯ ದೊರೆಯುತ್ತಿದೆ. ಆದುದರಿಂದ ಪ್ರವಾಸಿಗರು ಬರಬಾರದೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ.

ಬಂದವರು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಅವರಿಗೆ ತಿಳಿಸುವವರು ಯಾರು ಎಂಬುದು ಇಲ್ಲಿಯ ಪ್ರಶ್ನೆ. ಅರಣ್ಯ ಇಲಾಖೆ ಹಾಗೂ ಪೊಲೀಸ್ ಇಲಾಖೆಯ ಸಿಬ್ಬಂದಿ ಪ್ರತಿಯೊಂದು ಹಳ್ಳದ ದಂಡೆಯಲ್ಲಿಯೂ ಪ್ರತಿಯೊಂದು ಗುಡ್ಡದ ಬುಡದಲ್ಲಿಯೂ ಇರಲಾರರು. ಅಲ್ಲಿ ಸದಾ ಇರುವವರು ಆ ಊರಿನ ಜನ. ಅವರಲ್ಲಿಯೇ ಕೆಲವರನ್ನು ಆಯ್ದು, ತರಬೇತಿ ನೀಡಿ, ಬಂದವರಿಗೆ ಹಾಗೂ ಊರಿನವರಿಗೆ ಹೊಣೆಯರಿತ ವಿಹಾರವನ್ನು ಕಲಿಸುವ ಸ್ವಯಂಸೇವಕರನ್ನಾಗಿ ರೂಪಿಸುವುದು ಹೇಗೆ, ಅದರಲ್ಲಿ ಗ್ರಾಮ ಪಂಚಾಯಿತಿ ಮಾಡಬೇಕಾದುದೇನು ಎಂಬುದನ್ನು ಮುಂದೆ ವಿವರಿಸಲಾಗಿದೆ.

1. ಹಾನಿಯ ಹೊರೆ ಯಾರ ಮೇಲೆ?

ಪ್ರವಾಸಿ ಸಂಜೆಗೆ ತನ್ನ ಊರಿಗೆ ಮರಳುತ್ತಾನೆ. ಅವನು ಬಿಟ್ಟುಹೋದುದರ ಪರಿಣಾಮವನ್ನು ಅನುಭವಿಸುವವರು ಸ್ಥಳೀಯರು. ಇದನ್ನು ಸದಸ್ಯರು ಗ್ರಾಮಸಭೆಯಲ್ಲಿ ಸ್ಪಷ್ಟವಾಗಿ ವಿವರಿಸಬೇಕಾಗುತ್ತದೆ.

ಮೊದಲನೆಯದು ನೀರು. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲ, ಹೇಮಾವತಿ ಹುಟ್ಟುವ ಜಾವಳಿ, ವೇದಾವತಿಯ ಮೂಲಗಳಿರುವ ಗಿರಿಶ್ರೇಣಿ, ಇವೆಲ್ಲವೂ ನಮ್ಮ ಜಿಲ್ಲೆಯಲ್ಲಿವೆ. ಮಲೆನಾಡಿನ ಎಷ್ಟೋ ಮನೆಗಳಿಗೆ ಗುಡ್ಡದ ಝರಿಯಿಂದ ಪೈಪಿನ ಮೂಲಕ ನೇರವಾಗಿ ಕುಡಿಯುವ ನೀರು ಬರುತ್ತದೆ. ಮೇಲೆ ಸೋಪು, ಶಾಂಪೂ ಹಾಕಿ ಸ್ನಾನ ಮಾಡಿದರೂ, ಹಳ್ಳದ ಪಕ್ಕದಲ್ಲಿ ಬಹಿರ್ದೆಸೆಗೆ ಕುಳಿತರೂ ಅದು ಕೆಳಗಿನ ಮನೆಯ ಕೊಡಕ್ಕೆ ಇಳಿಯುತ್ತದೆ.

ಎರಡನೆಯದು ಹುಲ್ಲುಗಾವಲು. ಶೋಲಾ ಕಾಡು ಮತ್ತು ಅದರ ಸುತ್ತಲಿನ ಎತ್ತರದ ಹುಲ್ಲುಗಾವಲು ಮಳೆಯ ನೀರನ್ನು ಹೀರಿಕೊಂಡು, ಬೇಸಿಗೆಯವರೆಗೆ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತವೆ. ಹುಲ್ಲಿನ ಮೇಲೆ ಜೀಪು, ಬೈಕುಗಳನ್ನು ಓಡಿಸಿದರೆ ಚಕ್ರದ ಗುರುತು ಮೊದಲ ಮಳೆಗೆ ಕೊರಕಲಾಗುತ್ತದೆ. ಎರಡು ಮೂರು ಮಳೆಗಾಲಗಳಲ್ಲಿ ಮಣ್ಣು ಜರಿಯಲಾರಂಭಿಸುತ್ತದೆ. ಮಾಘದಿಂದ ವೈಶಾಖದವರೆಗೆ ಒಣಗಿ ನಿಂತ ಹುಲ್ಲಿಗೆ ಒಂದು ಬೀಡಿಯ ತುಂಡು ಸಾಕು.

ಮೂರನೆಯದು ಜಾನುವಾರು ಮತ್ತು ಬೆಳೆ. ಒಡೆದ ಬಾಟಲಿ ಹುಲ್ಲಿನಲ್ಲಿ ಅಡಗಿ ದನದ ಕಾಲನ್ನೂ, ಬರಿಗಾಲಿನಲ್ಲಿ ಸೌದೆಗೆ ಹೋದವರ ಕಾಲನ್ನೂ ಸೀಳುತ್ತದೆ. ಘಾಟಿ ರಸ್ತೆಯಲ್ಲಿ ಕಾರು ನಿಲ್ಲಿಸಿ ಮಂಗಗಳಿಗೆ ಬಾಳೆಹಣ್ಣು, ಬಿಸ್ಕತ್ತು ಹಾಕಿದವರಿಗೆ ಅದು ಪುಣ್ಯದ ಕೆಲಸವೆಂದು ತೋರಬಹುದು. ಮನುಷ್ಯನ ತಿನಿಸಿನ ರುಚಿ ಕಂಡ ಮಂಗಗಳ ಹಿಂಡು ಕಾಡಿನ ಆಹಾರವನ್ನು ಬಿಟ್ಟು ತೋಟಕ್ಕೂ ಅಡುಗೆಮನೆಗೂ ನುಗ್ಗುತ್ತದೆ. ಆ ನಷ್ಟ ಬೆಳೆಗಾರರದು.

ನಾಲ್ಕನೆಯದು ಪ್ರಾಣಹಾನಿ. 2023ರ ಜುಲೈ ತಿಂಗಳಿನಲ್ಲಿ ನೆರೆಯ ಉಡುಪಿ ಜಿಲ್ಲೆಯ ಕೊಲ್ಲೂರು ಸಮೀಪದ ಅರಿಶಿನಗುಂಡಿ ಜಲಪಾತದಲ್ಲಿ, ಬಂಡೆಯ ಅಂಚಿನಲ್ಲಿ ನಿಂತು ವಿಡಿಯೊ ಮಾಡಿಸಿಕೊಳ್ಳುತ್ತಿದ್ದ ಯುವಕನೊಬ್ಬ ಕಾಲುಜಾರಿ ನೀರುಪಾಲಾದುದನ್ನು ಇಡೀ ರಾಜ್ಯ ಕಂಡಿತು. ಇಂತಹ ಅವಘಡ ಸಂಭವಿಸಿದಾಗ ಅಗ್ನಿಶಾಮಕ ವಾಹನ ಬರುವುದಕ್ಕೆ ಮುಂಚೆ ಹಗ್ಗ ಹಿಡಿದು ಕಂದರಕ್ಕೆ ಇಳಿಯುವವರು ಆ ಊರಿನ ಹುಡುಗರೇ. ಒಬ್ಬ ಅಪರಿಚಿತನ ಅಜಾಗರೂಕತೆಗಾಗಿ ನಮ್ಮ ಮಕ್ಕಳು ತಮ್ಮ ಪ್ರಾಣವನ್ನು ಒಡ್ಡುತ್ತಾರೆ. ಮೊದಲೇ ಆಡುವ ಎರಡು ಮಾತು ಇದನ್ನು ತಪ್ಪಿಸಬಲ್ಲುದಾದರೆ, ಆ ಮಾತನ್ನು ಆಡುವವರು ಅಲ್ಲಿರುವಂತೆ ನೋಡಿಕೊಳ್ಳುವುದು ಪಂಚಾಯಿತಿಯ ಹೊಣೆಯಾಗುತ್ತದೆ.

2. ಫಲಕ ಮತ್ತು ನಿಷೇಧಗಳ ಮಿತಿ

ಜನದಟ್ಟಣೆಯನ್ನು ನಿಯಂತ್ರಿಸಲು ಸರ್ಕಾರ ಕ್ರಮಗಳನ್ನು ಕೈಗೊಂಡಿದೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಚಾರಣಿಗರು ಒಬ್ಬರ ಹಿಂದೊಬ್ಬರು ನಿಂತ ದೃಶ್ಯಗಳು ಪ್ರಸಾರವಾದ ಬಳಿಕ, ಆನ್‌ಲೈನ್ ಕಾಯ್ದಿರಿಸುವ ವ್ಯವಸ್ಥೆಯಿಲ್ಲದ ಚಾರಣಪಥಗಳನ್ನು ಅರಣ್ಯ ಇಲಾಖೆ ತಾತ್ಕಾಲಿಕವಾಗಿ ಮುಚ್ಚಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ಮುಂಗಡ ಕಾಯ್ದಿರಿಸುವಿಕೆ ಆರಂಭವಾಯಿತು. ಒಂದು ಪಥಕ್ಕೆ ದಿನಕ್ಕೆ ಗರಿಷ್ಠ 300 ಜನರ ಮಿತಿಯನ್ನು ವಿಧಿಸಲಾಯಿತು. ಮುಳ್ಳಯ್ಯನಗಿರಿ ಭಾಗಕ್ಕೆ ತೆರಳುವ ವಾಹನಗಳಿಗೂ ಜಿಲ್ಲಾಡಳಿತ ಮುಂಗಡ ನೋಂದಣಿಯನ್ನು ಜಾರಿಗೆ ತಂದಿದೆ.

ಈ ಕ್ರಮಗಳು ಎಷ್ಟು ಜನ ಬರಬೇಕೆಂಬುದನ್ನು ನಿರ್ಧರಿಸುತ್ತವೆ. ಬಂದವರು ಏನು ಮಾಡಬೇಕೆಂಬುದನ್ನು ಅವುಗಳಿಂದ ಮಾತ್ರ ಕಲಿಸಲಾಗದು. ಅಲ್ಲದೆ, ಒಂದು ಕಡೆ ಮಿತಿ ಬಂದಾಗ ಜನ ಹೆಸರಿಲ್ಲದ ಗುಡ್ಡ, ಹಳ್ಳಗಳನ್ನು ಹುಡುಕಿಕೊಂಡು ಹೋಗುವುದುಂಟು. ಅಂತಹ ಸ್ಥಳಗಳು ಬಹುಪಾಲು ಗ್ರಾಮದ ಅಂಚಿನಲ್ಲಿಯೇ ಇರುತ್ತವೆ. ಅಲ್ಲಿ ಟಿಕೆಟ್ ಕೊಠಡಿಯೂ ಇಲ್ಲ, ಕಾವಲುಗಾರರೂ ಇಲ್ಲ.

‘ಎಚ್ಚರಿಕೆ’, ‘ಪ್ರವೇಶ ನಿಷೇಧಿಸಲಾಗಿದೆ’ ಎಂಬ ಫಲಕಗಳು ಅಗತ್ಯ. ಆದರೆ ಫಲಕವು ಕಾರಣವನ್ನು ಹೇಳುವುದಿಲ್ಲ, ಪ್ರಶ್ನೆಗೆ ಉತ್ತರಿಸುವುದಿಲ್ಲ. ಬಿಸಿಲಿನಲ್ಲಿ ಒಣಗಿ ಕಾಣುವ ಬಂಡೆ ಏಕೆ ಅಪಾಯಕಾರಿ ಎಂಬುದು ಮೈದಾನದ ಊರಿನಿಂದ ಬಂದವನಿಗೆ ತಿಳಿದಿರುವುದಿಲ್ಲ. ತಪ್ಪು ಮಾಡುವವರಲ್ಲಿ ಉದ್ಧಟರು ಕೆಲವರಿರಬಹುದು. ತಿಳಿಯದೆ ಮಾಡುವವರು ಹೆಚ್ಚು. ಉದ್ಧಟರಿಗೆ ಕಾನೂನು ಇದೆ. ತಿಳಿಯದವರಿಗೆ ತಿಳಿಸುವ ಕೆಲಸವೇ ಸ್ವಯಂಸೇವಕರದು.

3. ಬೇರೆಡೆಯ ಅನುಭವ

ಸಿಕ್ಕಿಂ ರಾಜ್ಯದ ಯುಕ್ಸೋಮ್ ಒಂದು ಚಿಕ್ಕ ಊರು. ಕಾಂಚನಜುಂಗಾ ರಾಷ್ಟ್ರೀಯ ಉದ್ಯಾನದ ಗೋಚಾ ಲಾ ಚಾರಣ ಅಲ್ಲಿಂದ ಆರಂಭವಾಗುತ್ತದೆ. ಚಾರಣಿಗರು ಬಿಟ್ಟುಹೋಗುವ ಕಸ, ಅಡುಗೆಗಾಗಿ ಕಡಿಯುವ ಮರ, ಇವುಗಳಿಂದ ಬೇಸತ್ತ ಊರಿನ ಯುವಕರು 1996ರಲ್ಲಿ ಕಾಂಚನಜುಂಗಾ ಸಂರಕ್ಷಣಾ ಸಮಿತಿಯನ್ನು ಕಟ್ಟಿಕೊಂಡರು. ಕಾಡಿಗೆ ಹೋಗುವ ತಂಡ ಒಯ್ಯುವ ಪೊಟ್ಟಣ, ಡಬ್ಬಿ, ಬಾಟಲಿಗಳನ್ನು ಪಟ್ಟಿ ಮಾಡಿ, ಮರಳುವಾಗ ಅವು ವಾಪಸು ಬಂದಿವೆಯೇ ಎಂದು ನೋಡುವ ಪದ್ಧತಿ ಅಲ್ಲಿ ಬೆಳೆಯಿತು. ಮಾರ್ಗದರ್ಶಕರು, ಹೊರೆಯಾಳುಗಳು, ಅಡುಗೆಯವರಿಗೂ ತರಬೇತಿ ನೀಡಲಾಯಿತು. ಆ ಉದ್ಯಾನ 2016ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು.

ಎರಡನೆಯ ಉದಾಹರಣೆ ನಮ್ಮ ಜಿಲ್ಲೆಯ ಅನೇಕ ಮಾಲಾಧಾರಿಗಳು ಕಣ್ಣಾರೆ ಕಂಡಿರುವಂಥದು. ಶಬರಿಮಲೆಯಲ್ಲಿ ಕೇರಳ ಪೊಲೀಸರು 2011ರಲ್ಲಿ ‘ಪುಣ್ಯಂ ಪೂಂಕಾವನಂ’ ಎಂಬ ಕಾರ್ಯಕ್ರಮವನ್ನು ಆರಂಭಿಸಿದರು. ಇರುಮುಡಿಯಲ್ಲಿ ಪ್ಲಾಸ್ಟಿಕ್ ತರಬಾರದು, ತಂದ ಕಸವನ್ನು ತಾವೇ ಒಯ್ಯಬೇಕು, ಪಂಪೆಯನ್ನು ಮಲಿನಗೊಳಿಸಬಾರದು, ಸ್ವಲ್ಪ ಹೊತ್ತನ್ನು ಶುಚಿಕಾರ್ಯಕ್ಕೆ ಕೊಡಬೇಕು ಎಂಬ ನಿಯಮಗಳನ್ನು ಅಲ್ಲಿ ಭಕ್ತಿಯ ಅಂಗವೆಂಬಂತೆ ತಿಳಿಸಲಾಯಿತು. ಪ್ರತಿ ದೀಪಾವಳಿಗೆ ಸಹಸ್ರಾರು ಭಕ್ತರು ಏರುವ ನಮ್ಮ ದೇವೀರಮ್ಮನ ಬೆಟ್ಟದಂತಹ ಸ್ಥಳಗಳಿಗೆ ಈ ವಿಧಾನ ಹೊಂದುತ್ತದೆ.

ಹೊರದೇಶಗಳಲ್ಲಿ ಈ ಕೆಲಸಕ್ಕೆ ಶಿಸ್ತುಬದ್ಧ ಪಾಠಕ್ರಮವೇ ಇದೆ. ಅಮೆರಿಕದಲ್ಲಿ 1994ರಲ್ಲಿ ರೂಪುಗೊಂಡ ‘ಲೀವ್ ನೋ ಟ್ರೇಸ್’ ಸಂಸ್ಥೆ 7 ತತ್ವಗಳನ್ನು ಸ್ವಯಂಸೇವಕರ ಮೂಲಕ ಊರೂರಿಗೆ ತಲುಪಿಸುತ್ತದೆ. ಪೂರ್ವಸಿದ್ಧತೆ, ಗಟ್ಟಿ ನೆಲದ ಮೇಲೆ ನಡಿಗೆ, ಕಸದ ಸರಿಯಾದ ವಿಲೇವಾರಿ, ಕಂಡುದನ್ನು ಅಲ್ಲಿಯೇ ಬಿಡುವುದು, ಬೆಂಕಿಯ ಎಚ್ಚರ, ವನ್ಯಜೀವಿಗಳಿಗೆ ಗೌರವ, ಇತರರ ಬಗ್ಗೆ ಕಾಳಜಿ, ಇವೇ ಆ ಏಳು. ನಮ್ಮ ದೇವರಕಾಡುಗಳಲ್ಲಿ ಕಡ್ಡಿ ಮುರಿಯಬಾರದು, ಗಲೀಜು ಮಾಡಬಾರದು ಎಂಬ ಕಟ್ಟಳೆಯನ್ನು ಪಾಲಿಸಿಕೊಂಡು ಬಂದ ಜನರಿಗೆ ಇವು ಹೊಸವೆನಿಸಲಾರವು.

4. ಏನನ್ನು ಕಲಿಸಬೇಕು?

ಕಲಿಸುವ ವಿಷಯ ಸ್ಥಳೀಯವಾಗಿರಬೇಕು, ಕಾರಣಸಹಿತವಾಗಿರಬೇಕು. ನಮ್ಮ ಜಿಲ್ಲೆಗೆ ಈ ಕೆಳಗಿನ ಅಂಶಗಳು ಮುಖ್ಯವಾಗಿವೆ.

(ಅ) ನೀರಿನ ಎಚ್ಚರ: ಜಲಪಾತದ ಬುಡದಲ್ಲಿ ಮಳೆಯಿಲ್ಲದಿದ್ದರೂ ಮೇಲಿನ ಗುಡ್ಡದಲ್ಲಿ ಮಳೆ ಸುರಿದರೆ ಹಳ್ಳ ಹಠಾತ್ತನೆ ಉಕ್ಕುತ್ತದೆ. ತಿಳಿನೀರು ಕೆಂಪಾಗುವುದು, ತರಗೆಲೆ, ಕಡ್ಡಿಗಳು ತೇಲಿ ಬರುವುದು, ನೀರಿನ ಸದ್ದು ಹೆಚ್ಚುವುದು, ಇವು ಮುನ್ಸೂಚನೆಗಳು. ಇವುಗಳಲ್ಲಿ ಒಂದು ಕಂಡರೂ ಕೂಡಲೇ ದಡ ಸೇರಬೇಕು. ಪಾಚಿ ಹಿಡಿದ ಬಂಡೆ ಒಣಗಿದಂತೆ ಕಂಡರೂ ಜಾರುತ್ತದೆ. ಯಾರಾದರೂ ನೀರಿಗೆ ಬಿದ್ದರೆ ಈಜು ಬಲ್ಲವರೂ ಹಿಂದೆಯೇ ಧುಮುಕಬಾರದು. ಹಗ್ಗ, ಉದ್ದನೆಯ ಬಿದಿರು, ಮುಚ್ಚಳ ಬಿಗಿದ ಖಾಲಿ ಕ್ಯಾನು, ಇವುಗಳಲ್ಲಿ ಸಿಕ್ಕಿದ್ದನ್ನು ದಡದಿಂದಲೇ ಚಾಚಬೇಕು ಅಥವಾ ಎಸೆಯಬೇಕು. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮೂವರು ಮುಳುಗುವುದು ಹೀಗೆ ಧುಮುಕುವುದರಿಂದಲೇ.

(ಆ) ನೀರಿನ ಶುಚಿ: ಹಳ್ಳದಲ್ಲಿ ಸೋಪು, ಶಾಂಪೂ ಬಳಸಬಾರದು, ಪಾತ್ರೆ, ವಾಹನ ತೊಳೆಯಬಾರದು. ಶೌಚಾಲಯವನ್ನೇ ಬಳಸುವಂತೆ ತಿಳಿಸಬೇಕು. ಅದಿಲ್ಲದ ಕಡೆ ನೀರಿನಿಂದಲೂ ಕಾಲುದಾರಿಯಿಂದಲೂ ಕನಿಷ್ಠ 200 ಅಡಿ, ಅಂದರೆ ಸುಮಾರು 70 ಹೆಜ್ಜೆ ದೂರದಲ್ಲಿ, 6ರಿಂದ 8 ಅಂಗುಲ ಆಳದ ಗುಂಡಿ ತೆಗೆದು, ಬಳಿಕ ಮಣ್ಣು ಮುಚ್ಚಬೇಕು.

(ಇ) ಕಸ: ತಂದವರೇ ಹಿಂದಕ್ಕೆ ಒಯ್ಯಬೇಕು. ಬಾಳೆಹಣ್ಣಿನ ಸಿಪ್ಪೆ, ಉಳಿದ ಅನ್ನವೂ ಇದಕ್ಕೆ ಹೊರತಲ್ಲ. ಅವು ಕೊಳೆಯುವುದಕ್ಕೆ ಮುಂಚೆ ಮಂಗ, ಕಾಡುಹಂದಿ, ನಾಯಿಗಳನ್ನು ಕರೆಯುತ್ತವೆ. ಗುರುತಿಸಲಾದ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳು 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧಗೊಂಡಿವೆ. ಇದನ್ನು ಪ್ರವಾಸಿಗರಿಗೆ ಹೇಳುವ ಮುನ್ನ ನಮ್ಮ ಅಂಗಡಿಗಳಲ್ಲಿ ಅವು ಮಾರಾಟವಾಗದಂತೆ ನೋಡಿಕೊಳ್ಳಬೇಕು.

(ಈ) ಬೆಂಕಿ: ಬೇಸಿಗೆಯಲ್ಲಿ ಹುಲ್ಲುಗಾವಲಿನಲ್ಲಿ ಬೀಡಿ, ಸಿಗರೇಟು, ಒಲೆ, ಕ್ಯಾಂಪ್‌ಫೈರ್ ಯಾವುದೂ ಸಲ್ಲದು. ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಪ್ರಕರಣದಂತೆ ನಿಷಿದ್ಧ. ಹೊಗೆ ಕಂಡೊಡನೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆಮಾಡಲು ಎಲ್ಲರಿಗೂ ಕಲಿಸಬೇಕು.

(ಉ) ಹಾದಿ: ಇರುವ ಕಾಲುದಾರಿಯಲ್ಲಿಯೇ ಸಾಗಬೇಕು. ಅಡ್ಡದಾರಿಯೊಂದು ಮೂಡಿದರೆ ಮಳೆನೀರು ಅದರಲ್ಲಿಯೇ ಇಳಿದು ಇಳಿಜಾರನ್ನು ಕೊರೆಯುತ್ತದೆ. ವಾಹನಗಳು ಹುಲ್ಲಿಗೆ ಇಳಿಯಬಾರದು. ಹೂವು ಕೀಳಬಾರದು. 12 ವರ್ಷಗಳಿಗೊಮ್ಮೆ ಅರಳುವ ನೀಲಕುರಿಂಜಿ 2022ರಲ್ಲಿ ಚಂದ್ರದ್ರೋಣ ಪರ್ವತಶ್ರೇಣಿಯಲ್ಲಿ ಅರಳಿತ್ತು. ಹೂವು ಬೀಜವಾಗಿ ನೆಲಕ್ಕೆ ಬಿದ್ದರಷ್ಟೇ ಮುಂದಿನ ಪೀಳಿಗೆಯ ಗಿಡ. ಕಿತ್ತೊಯ್ದ ಗೊಂಚಲು ಮನೆ ತಲುಪುವ ಮೊದಲೇ ಬಾಡುತ್ತದೆ.

(ಊ) ಆರೋಗ್ಯ: ಮಂಗನ ಕಾಯಿಲೆ ಮೊದಲು ಪತ್ತೆಯಾದುದು 1957ರಲ್ಲಿ, ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗುಗಳ ಮೂಲಕ ಹರಡುವ ಈ ರೋಗ ನಮ್ಮ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ತಾಲ್ಲೂಕುಗಳಲ್ಲಿಯೂ ಕಾಣಿಸಿಕೊಂಡಿದೆ. ಡಿಸೆಂಬರ್‌ನಿಂದ ಮೇವರೆಗೆ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಧರಿಸಬೇಕು, ಆರೋಗ್ಯ ಇಲಾಖೆ ನೀಡುವ ಡೆಪಾ ತೈಲ ಲೇಪಿಸಿಕೊಳ್ಳಬೇಕು, ಮರಳಿದ ಮೇಲೆ ಬಿಸಿನೀರಿನ ಸ್ನಾನ ಮಾಡಬೇಕು. ಸತ್ತ ಮಂಗವನ್ನು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಹಾವು ಕಚ್ಚಿದಲ್ಲಿ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ನಡೆಸದೆ, ಅಲುಗಾಡಿಸದೆ 108 ಆಂಬುಲೆನ್ಸ್‌ನಲ್ಲಿ ಆಸ್ಪತ್ರೆಗೆ ಸಾಗಿಸಬೇಕು.

(ಋ) ಊರಿನ ಗೌರವ: ಖಾಸಗಿ ತೋಟ, ಗದ್ದೆ, ಮನೆಯಂಗಳಕ್ಕೆ ಅನುಮತಿಯಿಲ್ಲದೆ ನುಗ್ಗಬಾರದು. ಕೆಲಸ ಮಾಡುತ್ತಿರುವ ಹೆಂಗಸರ, ಮಕ್ಕಳ ಚಿತ್ರವನ್ನು ಕೇಳದೆ ತೆಗೆಯಬಾರದು. ಧ್ವನಿವರ್ಧಕ ಬೇಡ. ಕಿರಿದಾದ ರಸ್ತೆಯಲ್ಲಿ ಶಾಲಾ ವಾಹನಕ್ಕೂ ಆಂಬುಲೆನ್ಸಿಗೂ ದಾರಿ ಉಳಿಯುವಂತೆ ವಾಹನ ನಿಲ್ಲಿಸಬೇಕು.

5. ಹೇಗೆ ಹೇಳಬೇಕು?

ವಿಷಯ ಬಲ್ಲವರೆಲ್ಲ ಅದನ್ನು ಹೇಳಬಲ್ಲರೆಂದಲ್ಲ. ತರಬೇತಿಯ ಅರ್ಧದಷ್ಟು ಸಮಯವನ್ನು ಮಾತಿನ ಅಭ್ಯಾಸಕ್ಕೆ ಮೀಸಲಿಡುವುದು ಸೂಕ್ತ.

ಹೇಳಬೇಕಾದ ಸ್ಥಳ ವಾಹನ ನಿಲುಗಡೆ ಅಥವಾ ದಾರಿಯ ಆರಂಭ. ತಪ್ಪು ನಡೆದ ಬಳಿಕ ಆಡುವ ಮಾತು ಗದರಿಕೆಯಾಗಿ ಕೇಳಿಸುತ್ತದೆ. ನಡೆಯುವ ಮುನ್ನ ಆಡಿದ್ದು ಉಪಚಾರವಾಗಿ ಕೇಳಿಸುತ್ತದೆ. ಮಾತಿನಲ್ಲಿ ಮೂರು ಮೆಟ್ಟಿಲುಗಳಿರಲಿ: ಮೊದಲು ಕುಶಲಪ್ರಶ್ನೆ, ಅನಂತರ ಕಾರಣ, ಕೊನೆಗೆ ಬದಲಿ ದಾರಿ. ಉದಾಹರಣೆಗೆ:

“ನಮಸ್ಕಾರ ಸರ್, ಯಾವ ಊರಿನಿಂದ ಬಂದ್ರಿ? ಈ ಹಳ್ಳದ ನೀರೇ ಕೆಳಗೆ ನಮ್ಮ ಊರಿನ ಟ್ಯಾಂಕಿಗೆ ಬರೋದು. ದಯವಿಟ್ಟು ಸೋಪು ಹಾಕಬೇಡಿ. ಕೈಕಾಲು ತೊಳೆಯೋದಕ್ಕೆ ಅಲ್ಲಿ ನಲ್ಲಿ ಇದೆ, ಬನ್ನಿ ತೋರಿಸ್ತೀನಿ.”

“ಅಮ್ಮಾ, ಮಕ್ಕಳನ್ನ ಆ ಬಂಡೆ ಕಡೆ ಬಿಡಬೇಡಿ. ಒಣಗಿದ ಹಾಗೆ ಕಾಣುತ್ತೆ, ಕೆಳಗೆಲ್ಲ ಪಾಚಿ. ಫೋಟೋಗೆ ಈ ಕಡೆ ದಿಬ್ಬ ಚೆನ್ನಾಗಿದೆ, ಜಲಪಾತ ಪೂರ್ತಿ ಬರುತ್ತೆ.”

ಈ ಮಾತುಗಳಲ್ಲಿ ‘ನಾನು ಹೇಳುತ್ತೇನೆ, ನೀವು ಕೇಳಬೇಕು’ ಎಂಬ ಅಧಿಕಾರದ ಧ್ವನಿಯಿಲ್ಲ. ಕಾರಣವನ್ನು ಆ ಸ್ಥಳವೇ ಒದಗಿಸುತ್ತಿದೆ. ಹೆಚ್ಚಿನವರು ಇಂತಹ ಮಾತಿಗೆ ಎದುರಾಡುವುದಿಲ್ಲ. ಎದುರಾಡಿದವರೊಡನೆ ವಾದಕ್ಕೆ ನಿಲ್ಲಬಾರದು. ಮದ್ಯಪಾನ ಮಾಡಿದವರ ಹತ್ತಿರ ಹೋಗದೆ ದೂರದಿಂದಲೇ ಪೊಲೀಸರಿಗೆ ತಿಳಿಸಬೇಕು.

ಕಲಿಕೆ ಊರಿನಿಂದಲೇ ಆರಂಭವಾಗಬೇಕು. ಹಳ್ಳದ ದಂಡೆಯ ಬಾಟಲಿಗಳೆಲ್ಲವೂ ಪರಊರಿನವರವೇ ಎಂದು ಎದೆಮುಟ್ಟಿ ಹೇಳುವುದು ಕಷ್ಟ. ನಮ್ಮವರೇ ಕಸವನ್ನು ಕಣಿವೆಗೆ ಸುರಿಯುತ್ತಿರುವಾಗ ಸ್ವಯಂಸೇವಕರ ಮಾತಿಗೆ ಬೆಲೆ ಬರುವುದಿಲ್ಲ. ಆದುದರಿಂದ ಮೊದಲ ಮೂರು ತಿಂಗಳು ಶಾಲೆಯ ಮಕ್ಕಳು, ಯುವಕ ಸಂಘಗಳು, ಹೋಂಸ್ಟೇ ಮಾಲೀಕರು, ಜೀಪು ಚಾಲಕರು, ಅಂಗಡಿಯವರು, ಇವರಿಗೆ ತಿಳಿವಳಿಕೆ ನೀಡುವುದು ಲೇಸು. ಪ್ರವಾಸಿಗನ ಬಳಿ ಮೊದಲು ಮಾತನಾಡುವವರು ಹೋಂಸ್ಟೇಯವರು ಮತ್ತು ಚಾಲಕರು. ಅವರು ಹೇಳಿದರೆ ಅರ್ಧ ಕೆಲಸ ಆದಂತೆ.

6. ಸ್ವಯಂಸೇವಕರ ಅಧಿಕಾರದ ಗಡಿ

ಈ ವಿಷಯದಲ್ಲಿ ಗೊಂದಲ ಉಂಟಾದರೆ ಒಳ್ಳೆಯ ಉದ್ದೇಶವೂ ಜಗಳಕ್ಕೆ ದಾರಿಯಾಗುತ್ತದೆ. ಆದುದರಿಂದ ಕೆಳಗಿನ ಅಂಶಗಳನ್ನು ಲಿಖಿತವಾಗಿಯೇ ನೀಡಬೇಕು.

• ಸ್ವಯಂಸೇವಕರು ತಿಳಿಸಬಹುದು, ವಿನಂತಿಸಬಹುದು, ಸಂಬಂಧಪಟ್ಟವರಿಗೆ ಮಾಹಿತಿ ನೀಡಬಹುದು.
• ಚೀಲ, ವಾಹನಗಳ ತಪಾಸಣೆ, ವಸ್ತುಗಳ ಜಪ್ತಿ, ತಡೆದು ನಿಲ್ಲಿಸುವುದು, ದಂಡ ವಸೂಲಿ, ಇವುಗಳಿಗೆ ಅವರಿಗೆ ಅಧಿಕಾರವಿಲ್ಲ.
• ಯಾರಿಂದಲೂ ಹಣ ಪಡೆಯಬಾರದು. ವಾಹನ ನಿಲುಗಡೆ ಮುಂತಾದ ಶುಲ್ಕಗಳನ್ನು ಪಂಚಾಯಿತಿ ನಿಯಮಾನುಸಾರ ರಸೀದಿ ನೀಡಿಯೇ ಸಂಗ್ರಹಿಸಬೇಕು. ಆ ಕೆಲಸವನ್ನು ಸ್ವಯಂಸೇವಕರಿಗೆ ವಹಿಸಬಾರದು.
• ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಪ್ರವೇಶಕ್ಕೆ ಅನುಮತಿ ನೀಡುವುದು ಅರಣ್ಯ ಇಲಾಖೆ ಮಾತ್ರ. ಅಲ್ಲಿ ಸ್ವಯಂಸೇವಕರು ಕೆಲಸ ಮಾಡಬೇಕಾದರೆ ವಲಯ ಅರಣ್ಯಾಧಿಕಾರಿಯವರ ಒಪ್ಪಿಗೆ ಬೇಕು.
• ಜಾತಿ, ಧರ್ಮ, ಭಾಷೆ, ಉಡುಪು, ಜೊತೆಗಾರರು, ಇವುಗಳನ್ನು ಕುರಿತು ಪ್ರಶ್ನಿಸುವಂತಿಲ್ಲ. ಜೋಡಿಗಳನ್ನು ತಡೆದು ವಿಚಾರಿಸುವುದು ಸ್ವಯಂಸೇವೆಯಲ್ಲ. ಅಂತಹ ದೂರು ಬಂದಲ್ಲಿ ಆ ವ್ಯಕ್ತಿಯನ್ನು ಕೂಡಲೇ ಕೈಬಿಡಬೇಕು.

7. ಪಂಚಾಯಿತಿ ಅವರಿಗೆ ನೀಡಬೇಕಾದುದು

ಸ್ವಯಂಸೇವೆ ಎಂದರೆ ಸಂಬಳವಿಲ್ಲದ ದುಡಿಮೆಯೆಂದು ಭಾವಿಸಿ ಜನರನ್ನು ಬಿಸಿಲಿನಲ್ಲಿ ನಿಲ್ಲಿಸಿದರೆ ಎರಡನೆಯ ವಾರಕ್ಕೆ ಯಾರೂ ಉಳಿಯುವುದಿಲ್ಲ.

ಆಯ್ಕೆ: ಸ್ವಸಹಾಯ ಸಂಘಗಳ ಸದಸ್ಯೆಯರು, ಗ್ರಾಮ ಅರಣ್ಯ ಸಮಿತಿ ಮತ್ತು ಜೀವವೈವಿಧ್ಯ ನಿರ್ವಹಣಾ ಸಮಿತಿಗಳ ಸದಸ್ಯರು, ನಿವೃತ್ತ ಶಿಕ್ಷಕರು, ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು, ಸ್ಥಳೀಯ ಮಾರ್ಗದರ್ಶಕರು ಸೂಕ್ತರು. 18 ವರ್ಷ ತುಂಬದವರನ್ನು ಜಲಪಾತ, ರಸ್ತೆಬದಿಯ ಕರ್ತವ್ಯಕ್ಕೆ ಹಾಕಬಾರದು.

ತರಬೇತಿ: ಅರಣ್ಯ ಇಲಾಖೆ, ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಪೊಲೀಸ್ ಠಾಣೆ, ಇವರನ್ನು ಕೋರಿ ಎರಡು ದಿನಗಳ ತರಬೇತಿ ಏರ್ಪಡಿಸಬಹುದು. ಒಂದು ದಿನ ಕೊಠಡಿಯಲ್ಲಿ, ಒಂದು ದಿನ ಸ್ಥಳದಲ್ಲಿಯೇ ನಡೆಯಲಿ. ಸಾಹಸ ಚಟುವಟಿಕೆಗಳ ಸುರಕ್ಷತೆಯ ಬಗ್ಗೆ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಮಾರ್ಗದರ್ಶನವನ್ನು ಕೋರಬಹುದು. ಪಂಚಾಯಿತಿಯ ಗ್ರಂಥಾಲಯ ಮತ್ತು ಅರಿವು ಕೇಂದ್ರವನ್ನು ತರಗತಿಗೆ ಬಳಸಿಕೊಳ್ಳಬಹುದು.

ಸಲಕರಣೆ: ಗುರುತಿನ ಚೀಟಿ, ಎದ್ದು ಕಾಣುವ ಬಣ್ಣದ ಮೇಲಂಗಿ, ಸೀಟಿ, 100 ಅಡಿ ಹಗ್ಗ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕುಡಿಯುವ ನೀರು, ನೆರಳು. ಮೊಬೈಲ್ ಸಂಕೇತ ಸಿಗದ ಸ್ಥಳಗಳಲ್ಲಿ, ಎಲ್ಲಿಗೆ ಓಡಿಬಂದರೆ ಕರೆಮಾಡಬಹುದು ಎಂಬುದನ್ನು ಮೊದಲೇ ಗುರುತಿಸಿಟ್ಟಿರಬೇಕು. ತುರ್ತು ಕರೆ ಸಂಖ್ಯೆ 112.

ಸುರಕ್ಷತೆ: ಒಬ್ಬರನ್ನೇ ಎಂದೂ ನಿಲ್ಲಿಸಬಾರದು, ಕನಿಷ್ಠ ಇಬ್ಬರಿರಲಿ. ಸೂರ್ಯಾಸ್ತಕ್ಕೆ ಮುಂಚೆ ಕರ್ತವ್ಯ ಮುಗಿಯಲಿ. 18ರಿಂದ 70 ವಯೋಮಾನದವರು ವರ್ಷಕ್ಕೆ 20 ರೂಪಾಯಿ ಕಂತಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ತಮ್ಮ ಬ್ಯಾಂಕ್ ಖಾತೆಯ ಮೂಲಕ ಸೇರಬಹುದು. ಅಪಘಾತದಲ್ಲಿ ಮರಣ ಸಂಭವಿಸಿದರೆ 2 ಲಕ್ಷ ರೂಪಾಯಿ ದೊರೆಯುತ್ತದೆ. ಪ್ರತಿಯೊಬ್ಬ ಸ್ವಯಂಸೇವಕರೂ ಇದಕ್ಕೆ ಸೇರಿರುವುದನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಖಚಿತಪಡಿಸಿಕೊಳ್ಳುವುದು ಒಳಿತು. ಯಾವುದೇ ಸಂದರ್ಭದಲ್ಲಿಯೂ ನೀರಿಗಿಳಿದು ರಕ್ಷಿಸುವಂತೆ ಅವರನ್ನು ಒತ್ತಾಯಿಸಬಾರದು.

ಕಸದ ವ್ಯವಸ್ಥೆ: ಹಿಂದಕ್ಕೆ ಒಯ್ಯಿರೆಂದು ಹೇಳಿದರೂ ಸ್ವಲ್ಪ ಕಸ ಉಳಿದೇ ಉಳಿಯುತ್ತದೆ. ಭಾನುವಾರ ಸಂಜೆ ಅಥವಾ ಸೋಮವಾರ ಬೆಳಿಗ್ಗೆ ಸ್ವಚ್ಛವಾಹಿನಿ ಆ ಸ್ಥಳಕ್ಕೆ ಹೋಗುವಂತೆ ವೇಳಾಪಟ್ಟಿ ಮಾಡಬೇಕು. ಕಸ ಆಯುವುದನ್ನೇ ಸ್ವಯಂಸೇವಕರ ಮುಖ್ಯ ಕೆಲಸವನ್ನಾಗಿ ಮಾಡಬಾರದು. ಹಾಗಾದಲ್ಲಿ ಎಸೆಯುವವರು ಎಸೆಯುತ್ತಲೇ ಇರುತ್ತಾರೆ.

8. ಫಲಿತಾಂಶವನ್ನು ಅಳೆಯುವುದು

ಒಂದು ಸರಳ ವಹಿ ಸಾಕು. ಪ್ರತಿ ವಾರಾಂತ್ಯ ಬಂದ ವಾಹನಗಳ ಸಂಖ್ಯೆ, ಆ ಸ್ಥಳದಿಂದ ಸ್ವಚ್ಛ ಸಂಕೀರ್ಣಕ್ಕೆ ಬಂದ ಕಸದ ತೂಕ, ನಡೆದ ಅವಘಡಗಳು, ಸ್ವಯಂಸೇವಕರು ಮಾತನಾಡಿಸಿದ ತಂಡಗಳ ಸಂಖ್ಯೆ, ಎದುರಾದ ತೊಂದರೆಗಳು, ಇವನ್ನು ದಾಖಲಿಸಬೇಕು. ವಾಹನಗಳು ಹೆಚ್ಚಿದರೂ ಕಸದ ತೂಕ ಇಳಿದಿದ್ದರೆ ಕೆಲಸ ಫಲ ಕೊಡುತ್ತಿದೆ ಎಂದು ತಿಳಿಯಬಹುದು. ಇಳಿಯದಿದ್ದರೆ ಎಲ್ಲಿ ಕೊರತೆಯಿದೆ ಎಂಬುದನ್ನು, ಶೌಚಾಲಯವಿಲ್ಲವೇ, ಅಂಗಡಿಯವರು ಸಹಕರಿಸುತ್ತಿಲ್ಲವೇ ಎಂಬುದನ್ನು, ಮೂರು ತಿಂಗಳಿಗೊಮ್ಮೆ ಸಾಮಾನ್ಯ ಸಭೆಯಲ್ಲಿ ಪರಿಶೀಲಿಸಬೇಕು. ಸ್ವಯಂಸೇವಕರನ್ನು ಆ ಸಭೆಗೆ ಆಹ್ವಾನಿಸಿ ಅವರ ಮಾತನ್ನು ಕೇಳಬೇಕು.

9. ಗ್ರಾಮಸಭೆಗೆ ಮಾದರಿ ನಿರ್ಣಯ

ಪ್ರವಾಸಿ ತಾಣ, ಚಾರಣಪಥ ಅಥವಾ ಜಲಪಾತವಿರುವ ಗ್ರಾಮ ಪಂಚಾಯಿತಿಗಳು ತಮ್ಮ ಸ್ಥಳಕ್ಕೆ ಹೊಂದುವಂತೆ ಬದಲಿಸಿಕೊಂಡು ಈ ನಿರ್ಣಯವನ್ನು ಬಳಸಬಹುದು.

“ನಮ್ಮ ಗ್ರಾಮ ಪಂಚಾಯಿತಿ ವ್ಯಾಪ್ತಿಯ ................ ಸ್ಥಳಕ್ಕೆ ಬರುವ ಪ್ರವಾಸಿಗರಿಗೂ ಗ್ರಾಮಸ್ಥರಿಗೂ ಸುರಕ್ಷತೆ, ಜಲಮೂಲಗಳ ಶುಚಿತ್ವ ಹಾಗೂ ಪರಿಸರ ಸಂರಕ್ಷಣೆಯ ಬಗ್ಗೆ ತಿಳಿವಳಿಕೆ ನೀಡಲು ...... ಜನ ಸ್ವಯಂಸೇವಕರನ್ನು ಆಯ್ಕೆ ಮಾಡುವುದೆಂದೂ, ಸಂಬಂಧಪಟ್ಟ ಇಲಾಖೆಗಳ ಸಹಕಾರದಿಂದ ಅವರಿಗೆ ತರಬೇತಿ ನೀಡುವುದೆಂದೂ, ಅಗತ್ಯ ಸಲಕರಣೆಗಳ ವೆಚ್ಚವನ್ನು ನಿಯಮಾನುಸಾರ ಪಂಚಾಯಿತಿಯ ಸ್ವಂತ ಸಂಪನ್ಮೂಲದಿಂದ ಭರಿಸುವುದೆಂದೂ, ಸ್ವಯಂಸೇವಕರು ತಿಳಿವಳಿಕೆ ನೀಡುವ ಕಾರ್ಯವನ್ನು ಮಾತ್ರ ಮಾಡತಕ್ಕದ್ದೆಂದೂ, ಮೂರು ತಿಂಗಳಿಗೊಮ್ಮೆ ಪ್ರಗತಿಯನ್ನು ಪರಿಶೀಲಿಸುವುದೆಂದೂ ಸರ್ವಾನುಮತದಿಂದ ತೀರ್ಮಾನಿಸಲಾಯಿತು.”

ಅರಣ್ಯ, ನದಿ, ವನ್ಯಜೀವಿಗಳನ್ನು ಒಳಗೊಂಡ ನಿಸರ್ಗವನ್ನು ಕಾಪಾಡುವುದು ಸಂವಿಧಾನದ 51-ಎ (ಜಿ) ಅನುಚ್ಛೇದದಂತೆ ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯ. ಪ್ರವಾಸಿಗನೂ ಆ ನಾಗರಿಕನೇ. ಅವನಿಗೆ ಅವನ ಕರ್ತವ್ಯವನ್ನು ನೆನಪಿಸುವ ಕೆಲಸ ಆ ನೀರನ್ನು ಕುಡಿಯುವವರಿಂದ, ಆ ಹಾದಿಯನ್ನು ಬಲ್ಲವರಿಂದ ಆದಾಗ ಹೆಚ್ಚು ನಾಟುತ್ತದೆ. ಮಳೆಗಾಲದ ದಟ್ಟಣೆ ಆರಂಭವಾಗುವುದಕ್ಕೆ ಕನಿಷ್ಠ ಎರಡು ತಿಂಗಳು ಮುಂಚಿತವಾಗಿ ಈ ವಿಷಯವನ್ನು ವಾರ್ಡ್ ಸಭೆ ಹಾಗೂ ಗ್ರಾಮಸಭೆಗಳ ಕಾರ್ಯಸೂಚಿಯಲ್ಲಿ ಸೇರಿಸಿ ಚರ್ಚಿಸುವಂತೆ ಮಾನ್ಯ ಸದಸ್ಯರನ್ನು ಕೋರಲಾಗಿದೆ.